ನಿತ್ಯಹಸಿರಿನ ವಾಸನೆಗೆ ಹತ್ತೇ ನಿಮಿಷ ಆಯಸ್ಸು

"ಅಕ್ಕಾ, ಈಗ ತಾನೇ ನೆಲ ಒರೆಸಿದ್ಯಾ?"

ತಮ್ಮ ಕೇಳಿದ್ದು ಇಷ್ಟೇ. ನಾನು ನೆಲ ಒರೆಸಿರಲಿಲ್ಲ. ಮೂರು ವಾರ ಕೂತು ಬೆರೆಸಿದ ಸೆಂಟನ್ನು ಮಣಿಕಟ್ಟಿಗೆ ಹಚ್ಚಿಕೊಂಡು ಅವನ ಮೂಗಿನ ಹತ್ತಿರ ಹಿಡಿದಿದ್ದೆ. ಬಾಟಲಿಗೆ 'ಪೈನ್ ಕಾಡು – 6' ಅಂತ ಚೀಟಿ ಬೇರೆ ಅಂಟಿಸಿದ್ದೆ. ಅದು ನನ್ನ ಆರನೇ ಪ್ರಯತ್ನ. ಅವನು ಚೀಟಿ ಓದಿ ನಕ್ಕ. "ಕಾಡಲ್ಲ ಬಿಡು. ಆಸ್ಪತ್ರೆ ಕಾರಿಡಾರ್."

ಸಿಟ್ಟು ಬಂತು. ಆದರೆ ಅವನು ಹೇಳಿದ್ದು ಸರಿಯಾಗಿತ್ತು. ಅದಕ್ಕೇ ಸಿಟ್ಟು ಇನ್ನೂ ಜಾಸ್ತಿಯಾಯಿತು.

ನಾನು ಸುಗಂಧ ಉದ್ಯಮದವಳಲ್ಲ. ರಜೆ ದಿನಗಳಲ್ಲಿ ಒಂದು ಚಿಕ್ಕ ತಕ್ಕಡಿ, ನಲವತ್ತೋ ಐವತ್ತೋ ಪುಟ್ಟ ಬಾಟಲಿ, ಒಂದು ಕಟ್ಟು ಕಾಗದದ ಪಟ್ಟಿ ಇಟ್ಟುಕೊಂಡು ಕೂರುವವಳು. ಮಲ್ಲಿಗೆ, ಗುಲಾಬಿ ನನಗೆ ಅಷ್ಟು ಆಸೆ ಹುಟ್ಟಿಸುವುದಿಲ್ಲ. ಮರ, ಬೇರು, ರಾಳ, ಸೂಜಿ ಎಲೆ, ಇವು ನನ್ನ ಹುಚ್ಚು. ಅದರಲ್ಲೂ ಪೈನ್ ಜಾತಿಯ ನಿತ್ಯಹಸಿರು ಮರಗಳ ವಾಸನೆ. ಅದನ್ನು ಬಾಟಲಿಗೆ ಇಳಿಸಲು ಒಂದು ವರ್ಷಕ್ಕೂ ಜಾಸ್ತಿ ಹೆಣಗಿದ್ದೇನೆ. ಈ ಬರಹ ಆ ಹೆಣಗಾಟದ ಕಥೆ.

ಮೊದಲು ನೆಲ ಒರೆಸುವ ವಿಷಯ ಮುಗಿಸಿಬಿಡೋಣ. ಪೈನ್ ಎಣ್ಣೆಗೆ ಜಿಡ್ಡು ಕರಗಿಸುವ ಗುಣ ಇದೆ, ಸ್ವಲ್ಪ ಮಟ್ಟಿಗೆ ಕ್ರಿಮಿಗಳನ್ನೂ ಕೊಲ್ಲುತ್ತದೆ. ಅಮೆರಿಕದ ಮಿಸಿಸಿಪ್ಪಿಯಲ್ಲಿ 1929ರಲ್ಲೇ ಪೈನ್-ಸಾಲ್ ಅನ್ನುವ ನೆಲ ಒರೆಸುವ ದ್ರವ ಹುಟ್ಟಿತು. 1952ರಲ್ಲಿ ಜೂಲಿಯಸ್ ಸಮನ್ ಎಂಬಾತ ಕಾರಿನೊಳಗೆ ನೇತುಹಾಕುವ ರಟ್ಟಿನ ಪುಟ್ಟ ಮರ ಮಾಡಿದ. ಆತ ಅದಕ್ಕೆ ಮುಂಚೆ ಕೆನಡಾದ ಕಾಡುಗಳಲ್ಲಿ ಸೂಜಿ ಎಲೆ ಮರಗಳ ಎಣ್ಣೆ ತೆಗೆಯುವುದನ್ನು ಅಭ್ಯಾಸ ಮಾಡಿದ್ದವನು. ಹಾಲಿನ ಗಾಡಿ ಓಡಿಸುವವನೊಬ್ಬ ಚೆಲ್ಲಿದ ಹಾಲಿನ ನಾತ ತಡೆಯೋಕೆ ಆಗ್ತಿಲ್ಲ ಅಂತ ಗೋಳು ಹೇಳಿಕೊಂಡಿದ್ದೇ ಅದಕ್ಕೆ ಕಾರಣವಂತೆ. ಹೀಗೆ ಎರಡು ಮೂರು ತಲೆಮಾರು ಪೈನ್ ಅಂದರೆ ಬಕೆಟ್, ಪೈನ್ ಅಂದರೆ ಕಾರು ಅಂತಲೇ ಮೂಗಿಗೆ ಪಾಠ ಆಯಿತು. ಮರ ಯಾವ ತಪ್ಪೂ ಮಾಡಿಲ್ಲ ಪಾಪ.

ಆದರೆ ತಪ್ಪು ಪೂರ್ತಿ ಬಕೆಟ್‌ನದೂ ಅಲ್ಲ. ನನ್ನ ಆರನೇ ಬಾಟಲಿಯಲ್ಲಿ ಐಸೋಬಾರ್ನೈಲ್ ಅಸಿಟೇಟ್ ಧಾರಾಳವಾಗಿತ್ತು. ಅಗ್ಗದ ವಸ್ತು, ಮೂಸಿದ ತಕ್ಷಣ 'ಪೈನ್!' ಅನ್ನಿಸುತ್ತದೆ. ಸೋಪು, ಫಿನಾಯಿಲ್ ತರಹದ ಸಾಮಾನುಗಳಿಗೆ ಹಾಕುವುದೂ ಇದನ್ನೇ. ನಾನು ಕಾಡಿಗೆ ಹೋಗಬೇಕು ಅಂತ ಹೊರಟು ಸೀದಾ ಬಚ್ಚಲುಮನೆ ಬಾಗಿಲು ತಟ್ಟಿದ್ದೆ.

ಏಳನೇ ಸಲಕ್ಕೆ ಬೆರೆಸುವುದನ್ನು ನಿಲ್ಲಿಸಿ, ಸುಮ್ನೆ ಮೂಸುತ್ತಾ ಕೂತೆ. ಒಂದೊಂದು ವಸ್ತುವನ್ನೂ ಕಾಗದದ ಪಟ್ಟಿಗೆ ಅದ್ದಿ, ಪಟ್ಟಿಯ ಹಿಂಬದಿಗೆ ಹೆಸರು, ಹೊತ್ತು ಬರೆದು, ಹತ್ತು ನಿಮಿಷ, ಒಂದು ಗಂಟೆ, ಸಂಜೆ, ಮರುದಿನ ಬೆಳಿಗ್ಗೆ ಅಂತ ಮೂಸಿ ಡೈರಿಯಲ್ಲಿ ಬರೆದೆ. ಈ ಕೆಲಸ ಮೊದಲೇ ಮಾಡಬೇಕಿತ್ತು. ಆದರೆ ಬೆರೆಸುವ ಚಪಲ ಬಿಡಬೇಕಲ್ಲ.

ಮೊದಲು ಆಲ್ಫಾ-ಪೈನೀನ್. ಸೂಜಿ ಎಲೆ ಮರಗಳ ಜೀವಾಳ ಇದು. ಪೈನ್ ರಾಳ ಭಟ್ಟಿ ಇಳಿಸಿದರೆ ಸಿಗುವ ಟರ್ಪೆಂಟೈನ್‌ನಲ್ಲಿ ಬಹುಪಾಲು ಇದೇ. ರೋಸ್‌ಮೇರಿಯಲ್ಲಿ ಇದೆ, ಜೂನಿಪರ್ ಕಾಯಿಯಲ್ಲಿ ಇದೆ, ಸೈಪ್ರೆಸ್ ಎಣ್ಣೆಯಲ್ಲಿ ತುಂಬಾ ಇದೆ, ಪೈನ್‌ಗೆ ಸಂಬಂಧವೇ ಇಲ್ಲದ ಫ್ರಾಂಕಿನ್ಸೆನ್ಸ್ ಧೂಪದ ಅಂಟಿನಲ್ಲೂ ಇದೆ. ಮೂಸಿದಾಗ ಚುರುಕು, ಒಣ, ಮೂಗಿನ ಹಿಂದೆ ತಣ್ಣಗೆ ಚುಚ್ಚಿದ ಹಾಗೆ. ಹತ್ತು ನಿಮಿಷ ಬಿಟ್ಟು ಬಂದು ಮೂಸಿದೆ. ಕಾಗದದ ವಾಸನೆ ಬಂತು. ಇನ್ನೊಂದು ಪಟ್ಟಿ ಅದ್ದಿದೆ. ಹತ್ತು ನಿಮಿಷ, ಮತ್ತೆ ಕಾಗದ.

ಕಾರಣ ಸರಳ. ಪೈನೀನ್ ಅಣುವಿನಲ್ಲಿ ಹತ್ತು ಇಂಗಾಲ. ಹಗುರ. ಹಗುರ ಅಣು ಬೇಗ ಹಾರಿಹೋಗುತ್ತದೆ. ಗಂಧದ ಸ್ಯಾಂಟಲಾಲ್, ಸೀಡರ್‌ನ ಸೀಡ್ರಾಲ್ ಇವೆಲ್ಲ ಹದಿನೈದು ಇಂಗಾಲದ ಅಣುಗಳು. ಅವು ಕೂತಲ್ಲಿಂದ ಏಳೋಕೆ ಸೋಮಾರಿತನ ಮಾಡುತ್ತವೆ. ಮರ ವರ್ಷವಿಡೀ ಹಸಿರಾಗಿ ನಿಂತಿರುತ್ತದೆ, ಅದರ ವಾಸನೆ ಮಾತ್ರ ಮೊದಲು ಎದ್ದು ಹೋಗುವ ಅತಿಥಿ. ನನ್ನ ಆರು ಬಾಟಲಿಯೂ ಕೆಟ್ಟಿದ್ದು ಇಲ್ಲೇ. ಹೋಗುವವನನ್ನು ತಡೆಯಲು ನಾನು ಅವನನ್ನೇ ಇನ್ನಷ್ಟು ಸುರಿದಿದ್ದೆ. ಇದ್ದ ಹತ್ತು ನಿಮಿಷ ಕಣ್ಣಲ್ಲಿ ನೀರು ಬರುವಷ್ಟು ವಾಸನೆ. ಆಮೇಲೆ ಖಾಲಿ.

ಬಾರ್ನೈಲ್ ಅಸಿಟೇಟ್ ಸ್ವಲ್ಪ ಹೊತ್ತು ನಿಲ್ಲುತ್ತದೆ. ಸೈಬೀರಿಯನ್ ಫರ್ ಎಣ್ಣೆಯಲ್ಲಿ ಸುಮಾರು ಮೂರನೇ ಒಂದು ಭಾಗ ಇದೇ. ಫರ್, ಸ್ಪ್ರೂಸ್ ಮರಗಳ ಸೂಜಿ ಎಲೆಗಳನ್ನು ಕೈಯಲ್ಲಿ ಉಜ್ಜಿದಾಗ ಬರುವ ಆ ದುಂಡಗಿನ, ಕರ್ಪೂರದ ಕಡೆ ವಾಲುವ ತಂಪು ಇದರಿಂದಲೇ. ಕರ್ಪೂರದ ನೆನಪಾಗುವುದಕ್ಕೂ ಅರ್ಥ ಇದೆ. ಬಾರ್ನೈಲ್ ಅಸಿಟೇಟ್‌ಗೆ ಮೂಲವಾದ ಬಾರ್ನಿಯಾಲ್ ಮತ್ತು ಕರ್ಪೂರ ಒಂದೇ ಮನೆತನ. ಕಾರ್ಖಾನೆಯಲ್ಲಿ ಮಾಡುವ ಕರ್ಪೂರಕ್ಕೆ ಮೂಲ ಸಾಮಾನು ಟರ್ಪೆಂಟೈನ್‌ನ ಪೈನೀನೇ. ಪೈನ್ ಎಲ್ಲೆಲ್ಲಿ ಅಡಗಿ ಕೂತಿದೆ ಅನ್ನುವುದರ ಮೊದಲ ಸುಳಿವು ನನಗೆ ಸಿಕ್ಕಿದ್ದು ಇಲ್ಲಿ. ದೊಡ್ಡದು ಮುಂದೆ ಇದೆ.

ಈ ಮಧ್ಯೆ ಒಂದು ಎಡವಟ್ಟು. ಎರಡು ವರ್ಷದ ಹಿಂದೆ ತಂದಿದ್ದ ಪೈನ್ ಎಣ್ಣೆ ಅರ್ಧ ಬಾಟಲಿ ಉಳಿದಿತ್ತು. ಮುಚ್ಚಳ ಅಷ್ಟು ಗಟ್ಟಿ ಇರಲಿಲ್ಲ, ಕಿಟಕಿ ಪಕ್ಕ ಬಿಸಿಲಿಗೆ ಇತ್ತು. ಮೂಸಿದಾಗ ಹಳೇ ಪೇಂಟ್ ಡಬ್ಬಿ ವಾಸನೆ. ಇರಲಿ ಅಂತ ಬೆರೆಸಿ ಮೊಣಕೈ ಒಳಬದಿಗೆ ಹಚ್ಚಿಕೊಂಡೆ. ಮರುದಿನ ಅಲ್ಲಿ ಕೆಂಪು ಗುಳ್ಳೆ, ಒಂದು ವಾರ ತುರಿಕೆ. ಪೈನ್ ಜಾತಿಯ ಎಣ್ಣೆಗಳು ಗಾಳಿ ತಾಗಿದರೆ ಪೆರಾಕ್ಸೈಡ್ ಕಟ್ಟುತ್ತವೆ, ಅದು ಚರ್ಮಕ್ಕೆ ಅಲರ್ಜಿ ತರುತ್ತದೆ. ಸುಗಂಧ ಉದ್ಯಮದ ಅಂತಾರಾಷ್ಟ್ರೀಯ ಸಂಸ್ಥೆ ಇಫ್ರಾ ಇದಕ್ಕಾಗಿಯೇ ಒಂದು ನಿಯಮ ಇಟ್ಟಿದೆ. ಈ ಎಣ್ಣೆಗಳಲ್ಲಿ ಪೆರಾಕ್ಸೈಡ್ ಲೀಟರಿಗೆ 10 ಮಿಲಿಮೋಲ್‌ಗಿಂತ ಕಮ್ಮಿ ಇರಬೇಕು. ಈಗ ನನ್ನ ಎಲ್ಲ ಸೂಜಿ ಎಲೆ ಎಣ್ಣೆಗಳೂ ಕಂದು ಬಾಟಲಿಯಲ್ಲಿ, ಕುತ್ತಿಗೆವರೆಗೂ ತುಂಬಿ, ಫ್ರಿಜ್‌ನಲ್ಲಿ ಇವೆ. ಅರ್ಧ ಆದ ತಕ್ಷಣ ಸಣ್ಣ ಬಾಟಲಿಗೆ ಸುರಿದಿಡುತ್ತೇನೆ. ನೀವೂ ಈ ಹುಚ್ಚಿಗೆ ಬಿದ್ದರೆ, ದಯವಿಟ್ಟು ಹಳೇ ಎಣ್ಣೆ ಮೈಗೆ ಹಚ್ಚಿಕೊಳ್ಳಬೇಡಿ.

ಇನ್ನು ಮರದ ಕಡೆ ಬರೋಣ. ಇಲ್ಲಿ ಹೆಸರುಗಳೆಲ್ಲ ಒಂದು ದೊಡ್ಡ ಗೋಜಲು.

ಸೆಂಟಿನ ಬಾಟಲಿ ಮೇಲೆ 'ಸೀಡರ್' ಅಂತ ಓದಿದರೆ ಯಾವ ಮರ ಅಂತ ಯಾರಿಗೂ ತಟ್ಟನೆ ಹೇಳೋಕೆ ಆಗುವುದಿಲ್ಲ. ವರ್ಜೀನಿಯಾ ಸೀಡರ್ ಅನ್ನುವುದು ಸೀಡರ್ ಅಲ್ಲ, ಜೂನಿಪರ್. ಟೆಕ್ಸಸ್ ಸೀಡರ್ ಕೂಡ ಜೂನಿಪರೇ. ನಿಜವಾದ ಸೀಡರ್ ಅಂದರೆ ಮೊರಾಕೊದ ಅಟ್ಲಾಸ್ ಬೆಟ್ಟಗಳದ್ದು, ಹಿಮಾಲಯದ ದೇವದಾರು, ಲೆಬನಾನಿನದ್ದು. ಇವು ಪೈನ್ ಕುಟುಂಬದವು. ವಾಸನೆಯೂ ಬೇರೆ ಬೇರೆ. ವರ್ಜೀನಿಯಾದ್ದು ಒಣ, ಚೊಕ್ಕ, ಪೆನ್ಸಿಲ್. ಅಕ್ಷರಶಃ ಪೆನ್ಸಿಲ್. ಒಂದು ಕಾಲದಲ್ಲಿ ಪೆನ್ಸಿಲ್‌ಗಳನ್ನು ಇದೇ ಮರದಲ್ಲಿ ಮಾಡುತ್ತಿದ್ದರು. ಕಡಿದು ಕಡಿದು ಮರ ಸಾಲದಾದಾಗ ಇನ್ಸೆನ್ಸ್ ಸೀಡರ್ ಅನ್ನುವ ಇನ್ನೊಂದಕ್ಕೆ ಹೋದರು. ಅದೂ ನಿಜವಾದ ಸೀಡರ್ ಅಲ್ಲ, ಬಿಡಿ. ಮೆಂಡರ್ ಬಿಚ್ಚಿ ಒಳಗಿನ ಹೊಟ್ಟು ಮೂಸುವ ಚಟ ನನಗೆ ಎರಡನೇ ಕ್ಲಾಸಿನಿಂದ ಇತ್ತು. ಪಕ್ಕದವಳ ಪೆನ್ಸಿಲನ್ನೂ ನಾನೇ ಕೆತ್ತಿ ಕೊಡುತ್ತಿದ್ದೆ, ಉಪಕಾರಕ್ಕಲ್ಲ.

ಅಟ್ಲಾಸ್ ಸೀಡರ್ ಎಣ್ಣೆ ಅಷ್ಟು ಸಭ್ಯ ಅಲ್ಲ. ಸಿಹಿ, ಎಣ್ಣೆಜಿಡ್ಡು, ಸ್ವಲ್ಪ ಪ್ರಾಣಿಗಳ ಕೊಟ್ಟಿಗೆ ಕಡೆಯ ವಾಸನೆ. ಅದರ ಮುಖ್ಯ ಅಣುಗಳ ಹೆಸರು ಹಿಮಚಲೀನ್. ಮೊರಾಕೊದ ಮರದೊಳಗಿನ ಅಣುವಿಗೆ ಹಿಮಾಲಯದ ಹೆಸರು. ಮೊದಲ ಸಲ ಓದಿದಾಗ ಖುಷಿಯಾಯಿತು. ಸೆಂಟುಗಳಿಗೆ ಹೆಸರಾದ ಫ್ರಾನ್ಸಿನ ಸೆರ್ಜ್ ಲುಟೆನ್ಸ್ ಈ ಅಟ್ಲಾಸ್ ಸೀಡರಿನ ಮೋಹಕ್ಕೆ ಬಿದ್ದೇ 1992ರಲ್ಲಿ ಶಿಸೈಡೊ ಕಂಪನಿಗಾಗಿ ಫೆಮಿನಿಟೆ ದ್ಯು ಬುವಾ ಅನ್ನುವ ಸೆಂಟು ಮಾಡಿಸಿದರು. ಅಲ್ಲಿವರೆಗೂ ಮರದ ಸೆಂಟು ಅಂದರೆ ಗಂಡಸರದ್ದು ಅನ್ನುವ ಲೆಕ್ಕ ಇತ್ತು. ಇವರು ಹೆಂಗಸರಿಗೆ ಅಂತಲೇ ಸೀಡರ್ ಸುರಿದರು. ಒಳ್ಳೆಯದೇ ಆಯಿತು. ಮರಕ್ಕೆ ಗಂಡು ಹೆಣ್ಣು ಅಂತ ಭಾಗ ಮಾಡಿದವರು ಯಾರೋ.

'ವುಡಿ' ಅನ್ನುವ ಗುಂಪಿನಲ್ಲಿ ಮರವೇ ಅಲ್ಲದವೂ ಸೇರಿಕೊಂಡಿವೆ. ಲಾವಂಚ ಹುಲ್ಲಿನ ಬೇರು. ಪಚೌಲಿ ಎಲೆ. ಎರಡೂ ಸೆಂಟಿನವರ ಭಾಷೆಯಲ್ಲಿ ಮರ. ಮೂಗು ಸಸ್ಯಶಾಸ್ತ್ರ ಕೇಳುವುದಿಲ್ಲ. ಹೀಗೆ ನೋಡಿದರೆ ಜರೀಗಿಡದ ಹೆಸರಿನ ಫೂಜೇರ್ ಅನ್ನುವ ಸೆಂಟುಗಳ ದೊಡ್ಡ ವಂಶವೇ ಒಂದು ಕಟ್ಟುಕಥೆ. 1882ರಲ್ಲಿ ಪಾಲ್ ಪಾರ್ಕೆ ಎಂಬ ಸುಗಂಧಕಾರ ಊಬಿಗಾಂ ಅನ್ನುವ ಸೆಂಟಿನ ಕಂಪನಿಗಾಗಿ ಫೂಜೇರ್ ರುವಯಾಲ್ ಮಾಡಿದ. ಜರೀಗಿಡಕ್ಕೆ ಹೇಳಿಕೊಳ್ಳುವಂಥ ಪರಿಮಳ ಇಲ್ಲ. ವಾಸನೆ ಇದ್ದಿದ್ದರೆ ಹೀಗಿರುತ್ತಿತ್ತು ಅಂತ ಲ್ಯಾವೆಂಡರ್, ಓಕ್ ಮರದ ಕಲ್ಲುಹೂವು, ಆಗ ತಾನೇ ಪ್ರಯೋಗಶಾಲೆಯಿಂದ ಬಂದಿದ್ದ ಕೂಮರಿನ್ ಸೇರಿಸಿ ಊಹೆ ಕಟ್ಟಿದ. ಇಂದಿಗೂ ಗಂಡಸರ ಶೇವಿಂಗ್ ಕ್ರೀಮ್‌ಗಳಲ್ಲಿ ಆ ಊಹೆಯ ಮೊಮ್ಮಕ್ಕಳು ಇದ್ದಾರೆ.

ಇದನ್ನು ಓದಿದಾಗ ನನಗೆ ಧೈರ್ಯ ಬಂತು. ನಾನು ಪೈನ್ ಮರದ ಫೋಟೋ ತೆಗೆಯಲು ಹೊರಟಿದ್ದೆ. ಬೇಕಾಗಿದ್ದು ಸುಳ್ಳು. ಚೆನ್ನಾಗಿ ಕಟ್ಟಿದ ಸುಳ್ಳು.

ಅಂಥ ಸುಳ್ಳನ್ನು ಹಿಂದೆ ಕಟ್ಟಿದವರು ಇದ್ದಾರೆ. 1955ರ ಪಿನೊ ಸಿಲ್ವೆಸ್ತ್ರೆ ಅನ್ನುವ ಸೆಂಟಿನ ಬಾಟಲಿಯೇ ಪೈನ್ ಕಾಯಿಯ ಆಕಾರ. ಅದರೊಳಗೆ ಗಿಡಮೂಲಿಕೆಗಳ ಖಾರ ಜಾಸ್ತಿ. 1978ರಲ್ಲಿ ಬಂದ ರಾಲ್ಫ್ ಲಾರೆನ್ ಅವರ ಪೋಲೊ, ಅದೇ ಹಸಿರು ಬಾಟಲಿಯದ್ದು, ಪೈನ್ ಕೆಳಗೆ ಚರ್ಮ, ತಂಬಾಕು, ಪಾಚಿ ಹಾಸಿತು. ಪೈನ್ ಒಂಟಿಯಾಗಿ ನಿಂತಿಲ್ಲ, ಅದಕ್ಕೇ ಬಕೆಟ್ ನೆನಪಾಗುವುದಿಲ್ಲ. 2009ರ ಫಿಯ್ ಆನ್ ಎಗ್ವೀಯ್, ಇದೂ ಲುಟೆನ್ಸ್ ಮನೆಯದ್ದು, ಸೂಜಿ ಎಲೆಗಳನ್ನು ಧೂಪದ ಹೊಗೆ ಮತ್ತು ಸಕ್ಕರೆ ಪಾಕದಂಥ ಹಣ್ಣಿನ ಸಿಹಿಯಲ್ಲಿ ಅದ್ದಿತು. ಮೂರರಲ್ಲಿ ನನ್ನ ಓಟು ಇದಕ್ಕೆ. ತಮ್ಮನ ಓಟು ಪೋಲೊಗೆ. ನಮ್ಮ ಜಗಳ ಮುಗಿದಿಲ್ಲ.

ಆ ಹಣ್ಣಿನ ಸಿಹಿ ಎಲ್ಲಿಂದ ಬರಬಹುದು ಅಂತ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಫರ್ ಬಾಲ್ಸಮ್ ಆಬ್ಸಲ್ಯೂಟ್. ಈ ವಸ್ತುವಿನ ಬಗ್ಗೆ ನಾನು ಎಷ್ಟು ಬೇಕಾದರೂ ಮಾತಾಡಬಲ್ಲೆ. ಉತ್ತರ ಅಮೆರಿಕದ ಬಾಲ್ಸಮ್ ಫರ್ ಮರದ ಸೂಜಿ ಎಲೆ, ಚಿಕ್ಕ ರೆಂಬೆಗಳನ್ನು ಹಬೆಯಲ್ಲಿ ಭಟ್ಟಿ ಇಳಿಸದೆ, ದ್ರಾವಕದಲ್ಲಿ ನೆನೆಸಿ ತೆಗೆದ ಸಾರ ಇದು. ಹಬೆಗೆ ಹಗುರ ಅಣುಗಳು ಮಾತ್ರ ಎದ್ದು ಬರುತ್ತವೆ. ದ್ರಾವಕಕ್ಕೆ ಭಾರದವೂ ಇಳಿಯುತ್ತವೆ. ಕಡುಹಸಿರು, ಜೇನಿಗಿಂತ ಮಂದ. ಬಾಟಲಿ ತಿರುಗಿಸಿದರೆ ಬೀಳುವುದೇ ಇಲ್ಲ, ಬಿಸಿನೀರಲ್ಲಿ ಇಟ್ಟು ಕರಗಿಸಬೇಕು. ತಕ್ಕಡಿಗೆ, ಮೇಜಿಗೆ, ಬೆರಳಿಗೆ ಮೆತ್ತಿಕೊಂಡರೆ ಮೂರು ದಿನ ಬಿಡುವುದಿಲ್ಲ. ವಾಸನೆ? ಕಾಡಿನಲ್ಲಿ ಯಾರೋ ಸ್ಟ್ರಾಬೆರಿ ಜಾಮ್ ಕಾಯಿಸುತ್ತಿದ್ದಾರೆ, ಒಲೆಗೆ ಸೂಜಿ ಎಲೆ ಉರಿ ಹಾಕಿದ್ದಾರೆ. ಅಷ್ಟೇ. ಮೊದಲ ಸಲ ಮೂಸಿದಾಗ ಪಟ್ಟಿ ಕೆಳಗಿಡಲು ಮನಸ್ಸಾಗಲಿಲ್ಲ. ಮರುದಿನ ಬೆಳಿಗ್ಗೆಯೂ ಪಟ್ಟಿಯಲ್ಲಿ ಇತ್ತು. ಡೈರಿಯಲ್ಲಿ ಆ ದಿನ ಬರೆದ ಒಂದೇ ಸಾಲು: 'ಇದು ಕೂತಿದೆ, ಓಡಿಲ್ಲ.'

ಇದೇ ಮರದ ರಾಳಕ್ಕೆ ಕೆನಡಾ ಬಾಲ್ಸಮ್ ಅಂತ ಹೆಸರು. ಸೂಕ್ಷ್ಮದರ್ಶಕದ ಗಾಜಿನ ಸ್ಲೈಡ್ ಮೇಲೆ ಮಾದರಿ ಅಂಟಿಸಲು ಬಳಸುತ್ತಿದ್ದರು. ಒಣಗಿದ ಮೇಲೆ ಅದರಲ್ಲಿ ಬೆಳಕು ಬಾಗುವುದು ಸುಮಾರು ಗಾಜಿನಲ್ಲಿ ಬಾಗಿದಷ್ಟೇ. ಹಾಗಾಗಿ ಅಂಟು ಕಣ್ಣಿಗೆ ಕಾಣುವುದೇ ಇಲ್ಲ. ಸೆಂಟಿಗೆ ಇದರಿಂದ ಏನೂ ಉಪಯೋಗ ಇಲ್ಲ. ಹೇಳಬೇಕು ಅನ್ನಿಸಿತು, ಹೇಳಿದೆ.

ಹನ್ನೊಂದನೇ ಬಾಟಲಿ ಫರ್ ಆಬ್ಸಲ್ಯೂಟ್‌ನಿಂದ ಅರ್ಧ ಉದ್ಧಾರ ಆಯಿತು. ಹನ್ನೆರಡನೆಯದನ್ನು ನಾನೇ ಹಾಳು ಮಾಡಿದೆ. ಕಾಡು ಅಂದಮೇಲೆ ನೆಲ ಬೇಡವಾ ಅಂತ ಜಿಯೋಸ್ಮಿನ್ ಹಾಕಿದೆ. ಮಣ್ಣು ನೆನೆದಾಗ ಬರುವ ವಾಸನೆಯ ಅಣು ಅದು. ಮನುಷ್ಯರ ಮೂಗು ಅದನ್ನು ನಂಬಲಾರದಷ್ಟು ಕಡಿಮೆ ಪ್ರಮಾಣದಲ್ಲೂ ಹಿಡಿಯುತ್ತದೆ. ನೂರಕ್ಕೆ ಒಂದರಂತೆ ತೆಳು ಮಾಡಿದ್ದರಲ್ಲಿ ಒಂದೇ ಒಂದು ಹನಿ. ಕಾಡು ಹೋಗಿ ನೀರು ನಿಂತ ನೆಲಮಾಳಿಗೆ ಬಂತು. ಆ ಬಾಟಲಿ ಇನ್ನೂ ಇದೆ, ಮೂರು ಪ್ಲಾಸ್ಟಿಕ್ ಚೀಲದೊಳಗೆ.

ಈಗ ಗಂಧದ ಮಾತು. ಬಹಳ ದಿನ ನಾನು ಗಂಧವನ್ನು ಪೈನ್ ಹತ್ತಿರ ಬಿಟ್ಟುಕೊಂಡಿರಲಿಲ್ಲ. ಒಂದು ತಣ್ಣನೆಯ ಚೂಪು, ಇನ್ನೊಂದು ಬೆಚ್ಚನೆಯ ಮೃದು. ಎರಡಕ್ಕೂ ಏನು ನಂಟು ಅನ್ನಿಸಿತ್ತು. ಗಂಧದ ವಾಸನೆ ಇರುವುದು ಮರದ ಚೇಗಿನಲ್ಲಿ, ಬೇರಿನಲ್ಲಿ. ಹೊರಗಿನ ಬಿಳಿ ಮರಕ್ಕೆ ಪರಿಮಳ ಇಲ್ಲ. ಚೇಗು ಕಟ್ಟಲು ವರ್ಷಾನುಗಟ್ಟಲೆ ಬೇಕು. ಮರ ತನ್ನ ಸತ್ತ ಒಳಭಾಗ ಕೊಳೆಯದಂತೆ, ಹುಳ ಹಿಡಿಯದಂತೆ ತುಂಬಿಟ್ಟುಕೊಂಡ ಎಣ್ಣೆ ಅದು. ಸೂಜಿ ಎಲೆಯ ಎಣ್ಣೆಗೂ ಮರದ ಎಣ್ಣೆಗೂ ಇರುವ ವ್ಯತ್ಯಾಸ ನನಗೆ ಸ್ಪಷ್ಟವಾಗಿದ್ದು ಇದರಿಂದ. ಎಲೆಯದ್ದು ಗಾಳಿಗೆ ಬಿಡುವ ಎಣ್ಣೆ, ಚೇಗಿನದ್ದು ಕೂಡಿಟ್ಟ ಎಣ್ಣೆ.

ಒಳ್ಳೆ ಗಂಧದೆಣ್ಣೆಗೆ ಅಂತಾರಾಷ್ಟ್ರೀಯ ಮಾನದಂಡ ಇದೆ. ಆಲ್ಫಾ-ಸ್ಯಾಂಟಲಾಲ್ ಶೇಕಡಾ 41ರಿಂದ 55, ಬೀಟಾ-ಸ್ಯಾಂಟಲಾಲ್ 16ರಿಂದ 24 ಇರಬೇಕು. ಮೈಸೂರು ಗಂಧ ಅನ್ನುವುದು ಪ್ರಪಂಚದ ಸುಗಂಧಕಾರರಿಗೆಲ್ಲ ಇಂದಿಗೂ ಅಳತೆಗೋಲು. ಆದರೆ ಮರ ಅಪರೂಪ, ಬೆಳೆಯುವುದು ನಿಧಾನ. ಅದರ ಬೇರು ಪಕ್ಕದ ಗಿಡಗಳ ಬೇರಿಗೆ ಕಚ್ಚಿಕೊಂಡು ಆಹಾರ ಹೀರುವುದರಿಂದ ಒಂಟಿಯಾಗಿ ನೆಟ್ಟರೆ ಏಳಿಗೆಯೇ ಇಲ್ಲ. ಹಾಗಾಗಿ ರಸಾಯನಶಾಸ್ತ್ರಜ್ಞರು ಗಂಧದ ವಾಸನೆ ಕೊಡುವ ಬೇರೆ ಅಣುಗಳನ್ನು ಕಟ್ಟಿದರು. ಸ್ಯಾಂಡಲೋರ್, ಎಬನಾಲ್, ಪಾಲಿಸ್ಯಾಂಟಾಲ್, ಜಾವನಾಲ್ ಹೀಗೆ. 1989ರಲ್ಲಿ ಬಂದ ಗೆರ್ಲಾನ್ ಕಂಪನಿಯ 'ಸಂಸಾರ' ಅನ್ನುವ ಸೆಂಟಿನಲ್ಲಿ ನಿಜವಾದ ಗಂಧದೆಣ್ಣೆಯ ಜೊತೆ ಪಾಲಿಸ್ಯಾಂಟಾಲ್ ಕೂಡ ಇತ್ತು.

ಈ ಅಣುಗಳನ್ನು ಯಾವುದರಿಂದ ಮಾಡುತ್ತಾರೆ ಅಂತ ಒಂದು ರಾತ್ರಿ ಓದುತ್ತಿದ್ದೆ. ಕ್ಯಾಂಫೊಲೆನಿಕ್ ಆಲ್ಡಿಹೈಡ್ ಅನ್ನುವ ಮಧ್ಯದ ವಸ್ತುವಿನಿಂದ. ಅದು ಯಾವುದರಿಂದ? ಆಲ್ಫಾ-ಪೈನೀನ್‌ನಿಂದ.

ಓದಿ ಎದ್ದು ಕೂತೆ. ಹತ್ತು ನಿಮಿಷದಲ್ಲಿ ಓಡಿಹೋಗುತ್ತದೆ ಅಂತ ನಾನು ವರ್ಷವಿಡೀ ಬೈಯುತ್ತಿದ್ದ ಅದೇ ಪೈನೀನ್! ಅದಕ್ಕೆ ಆಮ್ಲಜನಕ ಸೇರಿಸಿ, ಉಂಗುರ ಬಿಚ್ಚಿ, ಇನ್ನಷ್ಟು ಇಂಗಾಲ ಜೋಡಿಸಿ ಭಾರ ಮಾಡಿದರೆ ಪಟ್ಟಿಯ ಮೇಲೆ ದಿನಗಟ್ಟಲೆ ಕೂರುವ ಗಂಧ. ಆ ಪೈನೀನ್ ಬಹಳಷ್ಟು ಬರುವುದು ಕಾಗದದ ಕಾರ್ಖಾನೆಗಳಿಂದ. ಪೈನ್ ಮರದ ತಿರುಳು ಬೇಯಿಸುವಾಗ ಹಬೆಯ ಜೊತೆ ಟರ್ಪೆಂಟೈನ್ ಎದ್ದು ಬರುತ್ತದೆ. ಗಂಧಕದ ಕೊಳೆತ ಮೊಟ್ಟೆ ನಾತ ಬೇರೆ ಅದಕ್ಕೆ. ಅದನ್ನು ಶುದ್ಧ ಮಾಡಿ ಕಳಿಸುತ್ತಾರೆ. ಅಂದರೆ ನಾನು ಮೂಸಲು ಹಿಡಿದಿದ್ದ ಕಾಗದದ ಪಟ್ಟಿ, ಅದರ ಮೇಲಿನ ಪೈನ್ ಹನಿ, ಪಕ್ಕದ ಪಟ್ಟಿಯ ಗಂಧ, ಮೂರೂ ಒಂದೇ ಮರದ ಮಕ್ಕಳಾಗಿರಬಹುದು. ಮಧ್ಯರಾತ್ರಿ ಇದನ್ನು ಯಾರಿಗಾದರೂ ಹೇಳಬೇಕು ಅನ್ನಿಸಿತು. ಹೇಳಲು ಯಾರೂ ಎದ್ದಿರಲಿಲ್ಲ.

ಮರುದಿನವೇ ಜಾವನಾಲ್ ಬಾಟಲಿ ತೆಗೆದೆ. ವಾಸನೆ ತುಂಬಾ ಜೋರು. ನೂರಕ್ಕೆ ಒಂದರಂತೆ ತೆಳು ಮಾಡಿ, ಕೆಲವೇ ಹನಿ. ಪೈನ್ ಕೆಳಗೆ ಅದನ್ನು ಇಟ್ಟಾಗ ಜಗಳ ಆಗಲಿಲ್ಲ. ಅಣುಗಳಿಗೆ ತಮ್ಮ ಹುಟ್ಟು ನೆನಪಿರುತ್ತದೆ ಅಂತ ಹೇಳುತ್ತಿಲ್ಲ, ಅದು ಹುಚ್ಚು ಮಾತು. ಆದರೆ ಆ ತಂಪಿನ ಕೆಳಗೆ ಕೆನೆಯಂಥ ಒಂದು ಪದರ ಬಂದಾಗ ಪೈನ್ ಹೋದರೂ ಏನೋ ಉಳಿದಿದೆ ಅನ್ನಿಸುತ್ತಿತ್ತು. ನನಗೆ ಬೇಕಾಗಿದ್ದು ಅದೇ.

ಐಸೋ ಇ ಸೂಪರ್ ಬಗ್ಗೆ ಎರಡು ಮಾತು. 1970ರ ದಶಕದಲ್ಲಿ ಐಎಫ್‌ಎಫ್ ಅನ್ನುವ ಸುಗಂಧ ಕಂಪನಿಯ ಪ್ರಯೋಗಶಾಲೆಯಲ್ಲಿ ಹುಟ್ಟಿದ ಅಣು. ನಯವಾದ ಸೀಡರ್, ವೆಲ್ವೆಟ್ ಬಟ್ಟೆ ಅಂತೆಲ್ಲ ವರ್ಣನೆ. ಇದೊಂದನ್ನೇ ತುಂಬಿ 2006ರಲ್ಲಿ ಮಾಲಿಕ್ಯೂಲ್ 01 ಅನ್ನುವ ಸೆಂಟೂ ಬಂತು. ನಾನು ವಸ್ತು ತರಿಸಿ ಮೂಸಿದೆ. ಏನೂ ಇಲ್ಲ. ಮತ್ತೆ ಮೂಸಿದೆ. ಏನೂ ಇಲ್ಲ. ನೀರು ತುಂಬಿ ಕೊಟ್ಟಿದ್ದಾರಾ ಅಂತ ಅನುಮಾನ ಪಟ್ಟೆ. ಪಟ್ಟಿ ಮೇಜಿನ ಮೇಲೆ ಬಿಟ್ಟು ಬಟ್ಟೆ ಮಡಚಲು ಹೋದೆ. ಕಾಲು ಗಂಟೆ ಕಳೆದು ವಾಪಸ್ ಕೋಣೆಗೆ ಬಂದರೆ ಯಾರೋ ಹೊಸ ಮರದ ಕಪಾಟು ತಂದಿಟ್ಟ ಹಾಗಿತ್ತು. ಹತ್ತಿರ ಹೋಗಿ ಮೂಸಿದರೆ ಮಾಯ. ಬಹಳ ಜನಕ್ಕೆ ಹೀಗೇ ಆಗುತ್ತದೆ. ಇದರ ಮುಖ್ಯ ಅಣುವಿಗೆ ವಾಸನೆ ಬಹಳ ಕಮ್ಮಿ. ತಯಾರಿಯಲ್ಲಿ ಜೊತೆಗೆ ಸೇರಿಕೊಳ್ಳುವ ಇನ್ನೊಂದು ರೂಪ, ಪ್ರಮಾಣದಲ್ಲಿ ಅಲ್ಪ, ವಾಸನೆಯೆಲ್ಲ ಹೆಚ್ಚಾಗಿ ಅದರದ್ದು. ಮಿಶ್ರಣದಲ್ಲಿ ಇದು ಒಂದು ವಸ್ತುವಿನಂತೆ ಕೆಲಸ ಮಾಡುವುದಿಲ್ಲ. ಉಳಿದವುಗಳ ನಡುವೆ ಜಾಗ ಬಿಡಿಸಿ ಗಾಳಿ ಆಡಿಸುತ್ತದೆ. ನನ್ನ ಬಾಟಲಿಗಳಲ್ಲಿ ಈಗ ಕಾಲು ಭಾಗ ಅದೇ ಇದೆ.

ಪಾಚಿಯ ಜಾಗಕ್ಕೆ ಓಕ್‌ಮಾಸ್. ಹೆಸರು ಪಾಚಿ, ಜಾತಿ ಕಲ್ಲುಹೂವು. ಪೈನ್ ಮರದ ಮೇಲೆ ಬೆಳೆಯುವ ಟ್ರೀಮಾಸ್ ಕೂಡ ಹಾಗೇ. ಒದ್ದೆ ತೊಗಟೆ, ಶಾಯಿ, ಸ್ವಲ್ಪ ಸಮುದ್ರ. 1917ರಲ್ಲಿ ಕೋಟಿ (Coty) ಕಂಪನಿ ತಂದ ಶೀಪ್ರ್ ಅನ್ನುವ ಸೆಂಟು ನಿಂತಿದ್ದು ಈ ಓಕ್‌ಮಾಸ್ ಮೇಲೆ. ಇದರಲ್ಲಿರುವ ಆಟ್ರನಾಲ್, ಕ್ಲೋರೋಆಟ್ರನಾಲ್ ಅಲರ್ಜಿ ತರುತ್ತವೆ ಅಂತ ಯುರೋಪ್ ಒಕ್ಕೂಟ 2017ರಲ್ಲಿ ನಿಷೇಧದ ನಿಯಮ ತಂದಿತು. 2021ರ ಆಗಸ್ಟ್‌ನಿಂದ ಅವು ಇರುವ ಸೆಂಟು ಅಲ್ಲಿ ಮಾರುವಂತಿಲ್ಲ. ಹಳೇ ಸೆಂಟಿನ ಅಭಿಮಾನಿಗಳು ಗೋಳಾಡಿದರು. ಒಂದು ವಾರ ಮೊಣಕೈ ಕೆರೆದುಕೊಂಡ ನನಗೆ ನಿಯಮದ ಮೇಲೆ ಸಿಟ್ಟು ಬರುವುದಿಲ್ಲ. ನಾನು ಅದರ ಬದಲು ಪ್ರಯೋಗಶಾಲೆಯಲ್ಲಿ ಮಾಡಿದ ಎವರ್ನಿಲ್ ಅನ್ನುವ ಅಣು ಬಳಸುತ್ತೇನೆ. ಪಾಚಿಯ ಒಣ, ಪುಡಿಪುಡಿ ಭಾಗ ಅಷ್ಟೇ ಸಿಗುತ್ತದೆ. ಒದ್ದೆತನಕ್ಕೆ ಲಾವಂಚ ಇದೆ.

ನನಗೆ ನಿಜವಾಗಿ ಸಿಟ್ಟು ಬರುವುದು ಬೇರೆ ಕಡೆ. ಈಚಿನ ಸೆಂಟುಗಳಲ್ಲಿ, ಅದರಲ್ಲೂ ಗಂಡಸರದ್ದು ಅಂತ ಮಾರುವುದರಲ್ಲಿ, 'ಮರ' ಅಂದರೆ ನಾರ್ಲಿಂಬನಾಲ್ ತರಹದ ಒಣ ಅಂಬರ್ ಅಣುಗಳು. ಬಹಳ ಬಲಶಾಲಿ. ಲಿಫ್ಟ್‌ನಲ್ಲಿ ಒಬ್ಬರು ಹಚ್ಚಿಕೊಂಡಿದ್ದರೆ ಅವರು ಇಳಿದು ಹೋದಮೇಲೂ ಮೂಗಿನಲ್ಲಿ ಮರಳುಕಾಗದ ಉಜ್ಜಿದ ಹಾಗೆ. ಚಿಟಿಕೆ ಹಾಕಿದರೆ ಚೆಂದ. ಚಿಟಿಕೆಯಲ್ಲಿ ನಿಲ್ಲಿಸುವವರು ಕಮ್ಮಿ. ಇಡೀ ದಿನ ಬರಬೇಕು, ದೂರದವರಿಗೂ ಬಡಿಯಬೇಕು ಅನ್ನುವ ಆಸೆಯಲ್ಲಿ ಮರದ ನಿಧಾನವೇ ಹೋಯಿತು. ನಾನೂ ಹದಿನೆಂಟನೇ ಬಾಟಲಿಗೆ ಅದನ್ನು ಹಾಕಿದ್ದೆ, ನಿಲ್ಲಲಿ ಅಂತ. ನಿಂತಿತು. ತಲೆನೋವೂ ಜೊತೆಗೇ ನಿಂತಿತು.

ಕೊನೆಗೆ ಇಪ್ಪತ್ತಮೂರನೆಯದು. ಸೈಬೀರಿಯನ್ ಫರ್ ಮೊದಲಿನ ಅರ್ಧಕ್ಕಿಂತ ಕಮ್ಮಿ ಮಾಡಿದೆ. ಐಸೋಬಾರ್ನೈಲ್ ಅಸಿಟೇಟ್ ಪೂರ್ತಿ ತೆಗೆದೆ. ಸೈಪ್ರೆಸ್ ಸ್ವಲ್ಪ, ಫ್ರಾಂಕಿನ್ಸೆನ್ಸ್ ಸ್ವಲ್ಪ. ಇವೆರಡರಲ್ಲೂ ಪೈನೀನ್ ಇದೆ, ಆದರೆ ಬಕೆಟ್ ನೆನಪಿಸುವುದಿಲ್ಲ. ಮಧ್ಯೆ ಫರ್ ಆಬ್ಸಲ್ಯೂಟ್. ಕೆಳಗೆ ವರ್ಜೀನಿಯಾ ಸೀಡರ್ ಒಂದು ಪಾಲು, ಅಟ್ಲಾಸ್ ಅರ್ಧ ಪಾಲು, ಲಾವಂಚ, ಎವರ್ನಿಲ್, ಐಸೋ ಇ, ಜಾವನಾಲ್ ನಾಲ್ಕು ಹನಿ. ಬೆರೆಸಿ ಒಂದು ತಿಂಗಳು ಕಪಾಟಿನಲ್ಲಿ ಇಟ್ಟು ಮರೆತೆ. ಮರೆಯಲು ನಾಟಕ ಮಾಡಿದೆ ಅನ್ನಬೇಕು.

ತಮ್ಮ ಬಂದಾಗ ಮಣಿಕಟ್ಟು ಮುಂದೆ ಹಿಡಿಯಲಿಲ್ಲ. ಅವನ ಸ್ವೆಟರ್ ತೋಳಿನ ಒಳಮಡಿಕೆಗೆ ಹೇಳದೆ ಒಂದು ಸಲ ಸಿಂಪಡಿಸಿ ಸುಮ್ಮನಾದೆ. ಅವನು ಅಡಿಗೆಮನೆಗೆ ಹೋದ, ಬಂದ, ಟಿವಿ ಹಾಕಿದ. ಏನೂ ಹೇಳಲಿಲ್ಲ. ನೆಲದ ಮಾತು ಬರಲಿಲ್ಲವಲ್ಲ ಅಂತ ಅಷ್ಟಕ್ಕೇ ಸಮಾಧಾನ ಪಟ್ಟುಕೊಂಡೆ.

ಎರಡು ದಿನ ಬಿಟ್ಟು ಫೋನ್ ಮಾಡಿದ.

"ಅಕ್ಕಾ, ನನ್ನ ಸ್ವೆಟರ್‌ಗೆ ಗಂಧ ಹಾಕಿದ್ಯಾ?"

"ಗಂಧ ಅಲ್ಲ ಕಣೋ. ಪೈನ್."

"ಸುಳ್ಳು ಹೇಳ್ಬೇಡ. ಗಂಧ ನನಗೆ ಗೊತ್ತಾಗಲ್ವಾ?"

ಪೈನೀನ್, ಕಾಗದದ ಕಾರ್ಖಾನೆ, ಕ್ಯಾಂಫೊಲೆನಿಕ್ ಆಲ್ಡಿಹೈಡ್ ಎಲ್ಲ ಶುರು ಮಾಡಿದೆ. ಅವನು ಎರಡು ನಿಮಿಷ ಹೂಂ ಹೂಂ ಅಂದ. ಆಮೇಲೆ ಕೇಳಿದ:

"ಆಯ್ತು. ಇನ್ನೊಂದು ಬಾಟಲಿ ಇದ್ಯಾ?"

ಇತ್ತು. ಆದರೆ ಅಟ್ಲಾಸ್ ಸೀಡರ್ ಸ್ವಲ್ಪ ಜಾಸ್ತಿಯಾಗಿದೆ ಅಂತ ನನಗೆ ಇನ್ನೂ ಅನುಮಾನ. ಇಪ್ಪತ್ತನಾಲ್ಕನೆಯದು ನಿನ್ನೆ ಬೆರೆಸಿಟ್ಟಿದ್ದೇನೆ.